ಹಾಕಿ ಟೀಮ್ ಕುರ್ಚಿ ಮ್ಯಾಲಿಂದ ಹಾಳಾಗಾಕತ್ತಿದ್ರ ಏನ್ ಮಾಡಬೇಕು, ಹೆಂಗ ಕೇಳಬೇಕು

ಹೋದ ವರ್ಷ ನಮ್ಮ ಹುಡುಗೂರ ಟೀಮ್ ಬೆಂಗಳೂರಿಗೆ ಟೂರ್ನಮೆಂಟ್‌ಗೆ ಹೊಂಟಾಗ ಬಿಡಾಕಂತ ಬೆಳಗಾವಿ ಸ್ಟೇಷನ್‌ಗೆ ಹೋಗಿದ್ದೆ. ರಾಣಿ ಚೆನ್ನಮ್ಮ ಗಾಡಿ, ಪ್ಲಾಟ್‌ಫಾರ್ಮ್ ಮ್ಯಾಲ ಕಿಟ್ ಬ್ಯಾಗ್ ಸಾಲಾಗಿ ಇಟ್ಟಿದ್ರು, ಅವ್ವಂದಿರು ಚಪಾತಿ ಡಬ್ಬಿ ಕೊಡಾಕತ್ತಿದ್ರು. ನಮ್ಮ ಎರಡನೇ ಗೋಲ್‌ಕೀಪರ್ ಹುಡುಗ ತನ್ನ ದೊಡ್ಡ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಕಂಬದ ಹಂತೇಕ ನಿಂತಿದ್ದ. ಗಾಡಿ ಬರಾಕ ಹತ್ತು ನಿಮಿಷ ಇದ್ದಾಗ ಮ್ಯಾನೇಜರ್ ಬಂದು "ನಿಂದ್ ಟಿಕೆಟ್ ಆಗಿಲ್ಲಪಾ, ಮುಂದಿನ ಸಲ ನೋಡೂಣು" ಅಂದ್ರು. ಯಾಕ ಆಗಿಲ್ಲ ಅಂದ್ರ ಕ್ಲಬ್ ಕಮಿಟಿಯವ್ರು ಮೂರು ಮಂದಿ ಹೆಚ್ಚಿಗಿ ಹೊಂಟಿದ್ರು. ಹುಡುಗ ಏನೂ ಮಾತಾಡಲಿಲ್ಲ, ಬ್ಯಾಗ್ ಕೆಳಗ ಇಳಿಸ್ಲೂ ಇಲ್ಲ, ಗಾಡಿ ಹೋಗುಮಟ ಹಂಗ ನಿಂತಿದ್ದ. ಅವನ ಅಪ್ಪ ಆಟೋ ಹೊಡಿತಾನ, ಅದೇ ಆಟೋದಾಗ ವಾಪಸ್ ಮನಿಗೆ ಹೋದ್ರು.

ಎರಡನೇ ಮ್ಯಾಚ್‌ನ್ಯಾಗ ನಮ್ಮ ಮೊದಲನೇ ಕೀಪರ್ ಕಾಲು ಹೊಳ್ಳಿತು. ಫುಲ್‌ಬ್ಯಾಕ್ ಆಡೋ ಹುಡುಗಗ ಪ್ಯಾಡ್ ಕಟ್ಟಿ ನಿಲ್ಲಿಸಿದ್ರು, ಅಂವ ಜೀವನದಾಗ ಒಂದ್ ದಿನಾ ಪ್ಯಾಡ್ ಕಟ್ಟಿದಾಂವಲ್ಲ, ಐದು ಗೋಲ್ ಆತು. ವಾಪಸ್ ಬಂದ ಮ್ಯಾಲ ಕಮಿಟಿಯವ್ರು ಏನಂದ್ರು ಗೊತ್ತೇನ್ರಿ, ಹುಡುಗೂರಿಗೆ ಫಿಟ್ನೆಸ್ ಇಲ್ಲ ಅಂತ.

ಅವತ್ತಿಂದ ಸುಮ್ನ ಕೂತ್ಕೊಳ್ಳೂದು ಬಿಟ್ಟೆ. ನಾನು ಉದ್ಯಮಬಾಗದಾಗ ಫೌಂಡ್ರಿಯೊಳಗ ಕೆಲಸ ಮಾಡ್ತೀನಿ, ಹರೇದಾಗ ರೈಟ್ ಹಾಫ್ ಆಡಿದಾಂವ, ಈಗ ನಮ್ಮ ಅಣ್ಣನ ಮಗ ಅದೇ ಟೀಮಿನ್ಯಾಗ ಅದಾನ. ಒಂದು ವರ್ಷ ಹಿಡದು ಕೇಳಿ, ಬರದು, ಜಗಳಾಡಿ ಏನ್ ಕಲತೀನಿ ಅನ್ನೂದನ್ನ ಇಲ್ಲಿ ಬರ್ಯಾಕತ್ತೀನಿ. ಬಾಗಲಕೋಟಿ, ವಿಜಾಪುರ, ಗದಗ ಎಲ್ಲೇ ಇರ್ರಿ, ನಿಮ್ಮ ಮಕ್ಕಳ ಟೀಮಿಗೆ ಹಿಂಗ ಆಗಾಕತ್ತಿದ್ರ ಉಪಯೋಗ ಆಗಬಹುದು.

ಮೊದಲ ಒಂದ್ ಮಾತು. ಸೋತಿದ್ದಕ್ಕೆಲ್ಲ ಮ್ಯಾನೇಜ್‌ಮೆಂಟ್ ಮ್ಯಾಲ ಹಾಕಬ್ಯಾಡ್ರಿ. ಹುಡುಗ ಖಾಲಿ ಗೋಲ್ ಮುಂದ ಬಾಲ್ ಹೊರಗ ಹೊಡದ ಅಂದ್ರ ಅದು ಆಟ, ಅದಕ್ಕ ಯಾರೂ ಜವಾಬ್ದಾರಿ ಅಲ್ಲ. ಸೀಟಿ ಊದೂಕ್ಕಿಂತ ಮೊದಲ ಏನೇನು ಠರಾಯಿಸಿದ್ರು ಅದನ್ನ ನೋಡ್ರಿ. ಯಾರನ್ನ ಕರ್ಕೊಂಡು ಹೋದ್ರು, ಯಾರನ್ನ ಬಿಟ್ರು, ಎಷ್ಟು ದಿನ ಮೊದಲ ಹೋದ್ರು, ರೊಕ್ಕ ಯಾತಕ್ಕ ಖರ್ಚ ಮಾಡಿದ್ರು, ಕೋಚ್‌ನ್ನ ಯಾವಾಗ ಬದಲಿ ಮಾಡಿದ್ರು. ಇಷ್ಟ ಮ್ಯಾನೇಜ್‌ಮೆಂಟ್ ಕೈಯಾಗ ಇರೂದು, ಪ್ರಶ್ನೆನೂ ಇದರ ಮ್ಯಾಲೇ ಇರಬೇಕು. ಇದನ್ನ ಬಿಟ್ಟು ಮ್ಯಾಚ್ ಬಗ್ಗೆ ಜಗಳ ತಗದ್ರ ಅವ್ರು "ನಿಮಗೇನ್ ಗೊತ್ತು ಆಟ" ಅಂತ ಬಾಯಿ ಮುಚ್ಚಸ್ತಾರ, ನನಗ ಎರಡು ಸಲ ಹಂಗ ಮಾಡಿದ್ರು.

ಹಂಗಾಗಿ ಒಂದು ವಹಿ ಇಡ್ರಿ. ಇದು ಎಲ್ಲಾಕ್ಕಿಂತ ದೊಡ್ಡ ಕೆಲಸ, ಬಾಕಿ ಎಲ್ಲಾ ಇದರ ಮ್ಯಾಲ ನಿಂತೈತಿ. ಖಡೇಬಜಾರ್‌ದಾಗ ಸಿಗೋ ಸಾದಾ ನೂರು ಪುಟದ ನೋಟ್‌ಬುಕ್ ಸಾಕು, ಮೊಬೈಲ್‌ನ್ಯಾಗ ಬರಕೊಂಡ್ರ ಆಮ್ಯಾಲ ಸಿಗೂದಿಲ್ಲ. ಒಂದೊಂದು ಮ್ಯಾಚಿಗೆ ಒಂದು ಪುಟ: ತಾರೀಖು, ಮೈದಾನ, ಮಣ್ಣೋ ಟರ್ಫೋ (ನಕಲಿ ಹುಲ್ಲಿನ ಹಾಸು), ಯಾರು ಹನ್ನೊಂದರಾಗ ಶುರು ಆದ್ರು, ಬೆಂಚಿನ ಮ್ಯಾಲ ಯಾರು. ಈಗ ಹಾಕಿ 15 ನಿಮಿಷದ ನಾಕು ಕ್ವಾರ್ಟರ್, ಬದಲಿ ಆಟಗಾರ ಎಷ್ಟ್ ಸಲಾನೂ ಒಳಗ ಹೊರಗ ಹೋಗಬಹುದು, ಅದಕ್ಕ ಪ್ರತಿ ಕ್ವಾರ್ಟರ್‌ಗೆ ಯಾರು ಆಡಿದ್ರು ಅಂತ ಬರೀರಿ. ಕೆಲವು ಹುಡುಗೂರು ನಾಲ್ಕೂ ಕ್ವಾರ್ಟರ್ ಓಡಿ ಓಡಿ ಕಾಲು ಹಿಡ್ಕೊಂಡು ಕುಂತಿರ್ತಾವ, ಇನ್ನ ಕೆಲವು ಹುಡುಗೂರು ಮೂರು ಮ್ಯಾಚ್ ಮುಗದ್ರೂ ಅಂಗಿ ತೊಯ್ಸಿರೂದಿಲ್ಲ, ಅದು ಬರದಾಗ ಕಣ್ಣಿಗೆ ಕಾಣತೈತಿ. ಹಸಿರು ಕಾರ್ಡಿಗೆ ಎರಡು ನಿಮಿಷ ಹೊರಗ, ಹಳದಿಗೆ ಕಮ್ಮಿ ಅಂದ್ರ ಐದು ನಿಮಿಷ, ಅದನ್ನೂ ಬರಕೋರಿ, ಯಾಕಂದ್ರ ಹತ್ತು ಮಂದಿ ಆಡೂವಾಗ ಆದ ಗೋಲ್‌ಗೆ ಡಿಫೆನ್ಸ್ ಹುಡುಗೂರನ್ನ ಬೈದು ಟೀಮಿನಿಂದ ತಗದದ್ದು ನಾ ನೋಡೀನಿ.

ಮತ್ತ ಪೆನಾಲ್ಟಿ ಕಾರ್ನರ್, ಅಂದ್ರ ಎದುರಿನವ್ರು ತಮ್ಮ ಗೋಲ್ ಹಂತೇಕ ತಪ್ಪು ಮಾಡಿದಾಗ ನಮಗ ಸಿಗೋ ಅವಕಾಶ. ಇದನ್ನ ಬ್ಯಾರೆ ಬರೀರಿ, ಎಷ್ಟು ಸಿಕ್ಕವು, ಏನಾದವು. ನಮ್ಮ ಟೀಮಿನ ನಿಜವಾದ ರೋಗ ನನಗ ಗೊತ್ತಾಗಿದ್ದ ಇಲ್ಲೆ. ಕಾರ್ನರ್‌ಗೆ ಮೂರು ಮಂದಿ ಬೇಕ್ರಿ, ಗೆರಿ ಮ್ಯಾಲಿಂದ ಬಾಲ್ ತಳ್ಳಾಂವ ಒಬ್ಬ, ಡಿ (ಗೋಲ್ ಮುಂದಿನ ಅರ್ಧ ಗುಂಡನ ಗೆರಿ) ಹೊರಗ ಅದನ್ನ ನಿಲ್ಲಸಾಂವ ಒಬ್ಬ, ಸ್ಟಿಕ್‌ಲೆ ಎತ್ತಿ ಗೋಲಿಗೆ ಫ್ಲಿಕ್ ಮಾಡಾಂವ ಒಬ್ಬ. ಮಂದಿಗೆ ಫ್ಲಿಕ್ ಮಾಡಾಂವ ಅಷ್ಟ ಕಾಣ್ತಾನ, ಅವಂದ ಫೋಟೋ ಬರತೈತಿ. ಆದ್ರ ನಿಲ್ಲಸಾಂವ ಸ್ಟಿಕ್ ನೆಲಕ್ಕ ಹಾಸಿ ಬಾಲ್‌ನ್ನ ಕಲ್ಲಿನಂಗ ನಿಲ್ಲಿಸಲಿಲ್ಲ ಅಂದ್ರ ಫ್ಲಿಕ್ ಮಾಡಾಂವ ಎಷ್ಟ್ ಶ್ಯಾಣ್ಯಾ ಇದ್ರೂ ಏನೂ ಮಾಡಾಕ ಆಗೂದಿಲ್ಲ, ಅಷ್ಟ್ರಾಗ ಎದುರಿನ ಡಿಫೆಂಡರ್ ಓಡಿ ಬಂದು ಕಾಲಾಗ ನಿಂತಿರ್ತಾನ. ನಮ್ಮಲ್ಲಿ ನಿಲ್ಲಸೋ ಹುಡುಗ ವಡಗಾಂವಿಯಾಂವ, ನೇಕಾರರ ಮನಿ ಹುಡುಗ, ಸ್ವಲ್ಪ ಮೆಲ್ಲಕ ಓಡ್ತಾನ ಖರೆ, ಆದ್ರ ಕೈ ಅಂದ್ರ ಕೈ. "ಓಡಂಗಿಲ್ಲ" ಅಂತ ಹೇಳಿ ಅವನ್ನ ಬೆಂಗಳೂರು ಟೀಮಿನಿಂದ ತಗದ್ರು, ಅವನ ಜಾಗಾಕ್ಕ ಕಮಿಟಿಯೊಳಗಿನ ಒಬ್ಬರ ಸಂಬಂಧಿಕರ ಹುಡುಗ ಬಂದ. ನನ್ನ ವಹಿಯೊಳಗ ಆ ಟೂರ್ನಮೆಂಟಿಂದು ಮೂರು ಮ್ಯಾಚ್‌ನ್ಯಾಗ ಒಂಬತ್ತು ಕಾರ್ನರ್ ಅದಾವ, ಅದರಾಗ ಆರು ಸಲ ಬಾಲ್ ನಿಲ್ಲಲೇ ಇಲ್ಲ, ಒಂದು ಗೋಲ್ ಸುದ್ದಾ ಆಗಲಿಲ್ಲ. ಆ ಪುಟ ತೋರಿಸಿದ ಮ್ಯಾಲ ಕಾರ್ಯದರ್ಶಿಗೆ ಮಾತು ಬರಲಿಲ್ಲ. ಅದಕ್ಕಿಂತ ಮೊದಲ ನಾನು ಎಷ್ಟ್ ಒದರಾಡಿದ್ರೂ "ಹುಡುಗೂರ ಅಪ್ಪಗೋಳು ಹಿಂಗ ಮಾತಾಡ್ತಾರ" ಅಂತ ಬಿಟ್ಟಿದ್ರು.

ಬರಕೊಂಡ ಮ್ಯಾಲ ಮೊದಲ ಕೋಚ್ ಹಂತೇಕ ಹೋಗ್ರಿ, ಕಮಿಟಿ ಆಮ್ಯಾಲ. ಮ್ಯಾಚ್ ಮುಗದ ದಿನ ಹೋಗಬ್ಯಾಡ್ರಿ, ಎಲ್ಲಾರ ತಲಿ ಬಿಸಿ ಇರತೈತಿ. ಎರಡು ಮೂರು ದಿನ ಬಿಟ್ಟು ಪ್ರ್ಯಾಕ್ಟೀಸ್ ಶುರು ಆಗೂಕ್ಕಿಂತ ಮೊದಲ ಹೋಗಿ "ಸರ್, ಒಂದ್ ಮಾತ್ ಕೇಳ್ಲೇನ್ರಿ" ಅಂತ ಕೇಳ್ರಿ. ಹುಡುಗೂರ ಮುಂದ ಕೇಳಬ್ಯಾಡ್ರಿ, ಕೋಚ್ ಮರ್ಯಾದಿ ಹೋದ್ರ ಟೀಮಿಂದೂ ಹೋಗತೈತಿ. ಬಹಳ ಸಲ ಕೋಚ್‌ಗೂ ನಿಮ್ಮಷ್ಟ ಸಿಟ್ಟು ಇರತೈತಿ, ಲಿಸ್ಟ್ ಅವ್ರ ಕೈಯಾಗ ಇರೂದಿಲ್ಲ. ನಮ್ಮ ಕೋಚ್ ನನಗ ಹೇಳಿದ್ದು ಇಷ್ಟ: "ನಾ ಕೊಟ್ಟ ಲಿಸ್ಟಿನ್ಯಾಗ ನಾಕು ಹೆಸರು ಬದಲಿ ಆಗಿ ಬಂದ್ವು." ಅಷ್ಟ ಗೊತ್ತಾದ್ರ ಸಾಕು, ಮುಂದ ಯಾರಿಗೆ ಕೇಳಬೇಕು ಅಂತ ತಿಳಿತೈತಿ.

ಕೋಚ್ ಬದಲಿ ಮಾಡೂ ಚಾಳಿ ಬಗ್ಗೆ ಬರೀಲೇಬೇಕು. ನಮ್ಮ ಟೀಮಿಗೆ ಒಂದ ಸೀಸನ್‌ನ್ಯಾಗ ಮೂರು ಕೋಚ್ ಆದ್ರು. ಮೊದಲನೇದವ್ರು ಆಳಿಗೆ ಆಳು ಹಿಡೀರಿ ಅಂತ ಕಲಿಸಿದ್ರು, ಎರಡನೇದವ್ರು ಬಂದು ಜಾಗಾ ಕಾಯ್ರಿ, ಆಳಿನ ಹಿಂದ ಓಡಬ್ಯಾಡ್ರಿ ಅಂದ್ರು, ಮೂರನೇದವ್ರು ಮತ್ತ ಆಳು ಹಿಡೀರಿ ಅಂದ್ರು. ಲೇಲೆ ಮೈದಾನದಾಗ ಒಂದು ಸಂಜಿ ನಮ್ಮ ಹುಡುಗ, ಅಣ್ಣನ ಮಗ, ಸ್ಟಿಕ್ ಹಿಡ್ಕೊಂಡು ನಟ್ಟನಡು ನಿಂತು "ಸರ್, ನಾ ಎಲ್ಲಿ ನಿಂದ್ರಲ್ರಿ?" ಅಂತ ಕೇಳಿದ. ಮೂರು ವರ್ಷದಿಂದ ಲೆಫ್ಟ್ ಹಾಫ್ ಆಡಾಕತ್ತಿದ ಹುಡುಗ. ನನಗ ಹೊಟ್ಟ್ಯಾಗ ಕಸಿವಿಸಿ ಆತು.

ಇದು ನಮ್ಮ ಸಣ್ಣ ಟೀಮಿನ ಕತಿ ಅಷ್ಟ ಅಲ್ಲರಿ, ಭಾರತ ತಂಡದಾಗೂ ಇದನ್ನ ಎಷ್ಟು ವರ್ಷ ನೋಡೀವಿ. 1998ರಾಗ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನ್ಯಾಗ 32 ವರ್ಷ ಆದ ಮ್ಯಾಲ ಚಿನ್ನ ಬಂತು, ಫೈನಲ್‌ದಾಗ ನಮ್ಮ ಕರ್ನಾಟಕದ ಗೋಲ್‌ಕೀಪರ್ ಆಶಿಶ್ ಬಲ್ಲಾಳ ಕೊರಿಯಾ ವಿರುದ್ಧ ಪೆನಾಲ್ಟಿ ತಡದ್ರು, ಬೆನ್ನ ಹಿಂದ ಅದೇ ಬಲ್ಲಾಳ, ಕ್ಯಾಪ್ಟನ್ ಧನರಾಜ್ ಪಿಳ್ಳೈ ಸೇರಿ ಹಿರಿಯರನ್ನ ಕೈಬಿಟ್ರು, ಕೋಚ್ ಎಂ.ಕೆ. ಕೌಶಿಕ್ ಅವ್ರನ್ನೂ ತಗದ್ರು. ಚಿನ್ನ ಗೆದ್ದ ಟೀಮ್‌ನ್ನ ಕುರ್ಚಿ ಮ್ಯಾಲ ಕೂತು ಒಡದು ಹಾಕಿದ್ರು. ಹತ್ತು ವರ್ಷಕ್ಕ, 2008ರ ಮಾರ್ಚ್‌ದಾಗ, ಚಿಲಿಯ ಸ್ಯಾಂಟಿಯಾಗೋದಾಗ ಬ್ರಿಟನ್ ವಿರುದ್ಧ 2-0 ಸೋತು ಬೀಜಿಂಗ್ ಒಲಿಂಪಿಕ್ಸ್‌ಗೆ ಹೋಗಲೇ ಇಲ್ಲ, 1928ರಿಂದ ಮೊದಲ ಸಲ. ಮುಂದಿಂದೂ ನೋಡ್ರಿ, 2014ರಾಗ ಇಂಚಾನ್ ಏಷ್ಯನ್ ಗೇಮ್ಸ್‌ನ್ಯಾಗ ಚಿನ್ನ ಗೆಲ್ಲಿಸಿದ ಕೋಚ್ ಟೆರ್ರಿ ವಾಲ್ಶ್ ಎರಡು ತಿಂಗಳಾಗೂದ್ರಾಗ ಬಿಟ್ಟು ಹೋದ್ರು, ಪಾಲ್ ವಾನ್ ಆಸ್ ಬಂದು ಒಂದು ವರ್ಷಾನೂ ಉಳೀಲಿಲ್ಲ, ಓಲ್ಟ್‌ಮನ್ಸ್ ಅವ್ರನ್ನ 2017ರಾಗ ತಗದ್ರು, ಮರೈನ್ ಅವ್ರನ್ನ 2018ರಾಗ ಹೆಣ್ಮಕ್ಕಳ ಟೀಮಿಗೆ ಕಳಿಸಿದ್ರು, ಹರೇಂದ್ರ ಸಿಂಗ್ 2019ರ ಜನವರಿಗೆ ಹೊರಗ. ಸುಮಾರು ನಾಕೂಕಾಲು ವರ್ಷದಾಗ ಐದು ಕೋಚ್! ಆಮ್ಯಾಲ ಗ್ರಹಾಂ ರೀಡ್ 2019ರಾಗ ಬಂದ್ರು, ಅವ್ರನ್ನ ಒಲಿಂಪಿಕ್ಸ್ ಮಟ ಇರಾಕ ಬಿಟ್ರು, 2021ರ ಆಗಸ್ಟ್ 5ಕ್ಕ ಟೋಕಿಯೋದಾಗ ಜರ್ಮನಿ ವಿರುದ್ಧ 5-4 ಗೆದ್ದು ಕಂಚು ಬಂತು, 41 ವರ್ಷ ಆಗಿತ್ತು ಒಲಿಂಪಿಕ್ ಪದಕ ಬರಲಾರದ. ನಾನು ಅವತ್ತ ಫೌಂಡ್ರಿಯೊಳಗ ಮೊಬೈಲ್ ಹಿಡ್ಕೊಂಡು ಅತ್ತೀನಿ.

ಅದೇ ಮ್ಯಾಚಿಂದು ಇನ್ನೊಂದು ಸಂಗತಿ ಕಮಿಟಿಯವ್ರಿಗೆ ಹೇಳ್ರಿ, ನಾನೂ ಹೇಳೀನಿ. ಜರ್ಮನಿ ವಿರುದ್ಧ ಎರಡು ಗೋಲ್ ಹೊಡದ ಸಿಮ್ರನ್‌ಜೀತ್ ಸಿಂಗ್ ಮೊದಲಿನ 16 ಮಂದಿ ಲಿಸ್ಟಿನ್ಯಾಗ ಇರಲಿಲ್ಲ, ರಿಸರ್ವ್ ಆಟಗಾರ. ಆ ವರ್ಷ ಕೊರೋನಾ ಸಲುವಾಗಿ ನಿಯಮ ಸಡಲ ಮಾಡಿದ್ರು, ಅಂವ ಆಡಿದ, ಹೊಡದ. ರಿಸರ್ವ್ ಹುಡುಗನ್ನ ಪ್ಲಾಟ್‌ಫಾರ್ಮ್ ಮ್ಯಾಲ ಬಿಟ್ಟು ಹೋಗೋ ಮಂದಿಗೆ ಇದು ತಿಳೀಬೇಕು.

ಅದಕ್ಕ ಕೋಚ್ ಬಗ್ಗೆ ನೀವು ಕೇಳಬೇಕಾದದ್ದು ಒಂದ: ಎಷ್ಟು ದಿನಕ್ಕ ನೇಮಿಸೀರಿ, ಬರದು ಕೊಟ್ಟೀರೇನು? ಕಮ್ಮಿ ಅಂದ್ರ ಎರಡು ಸೀಸನ್ ಅಂತ ಬರಹದಾಗ ಇರಲಿ, ನಡು ತಗಿಯೂದಿದ್ರ ಕಾರಣ ಬರದು ಕೊಡಲಿ.

ಆಯ್ಕೆ ಬಗ್ಗೆ ಕೇಳೂವಾಗ "ನನ್ನ ಮಗನ್ನ ಯಾಕ ತಗೊಳ್ಳಿಲ್ಲ" ಅಂತ ಕೇಳಬ್ಯಾಡ್ರಿ, ಅಲ್ಲಿಗೇ ನಿಮ್ಮ ಮಾತು ಮುಗೀತು. ಟ್ರಯಲ್ ಯಾವತ್ತು, ನೋಡಾವ್ರು ಯಾರ್ಯಾರು, ಏನೇನು ನೋಡ್ತಾರ, ಯಾವ ಜಾಗಾಕ್ಕ ಎಷ್ಟು ಮಂದಿ ಬೇಕು, ಇದನ್ನ ಟ್ರಯಲ್‌ಗಿಂತ ಒಂದು ವಾರ ಮೊದಲ ನೋಟಿಸ್ ಬೋರ್ಡಿಗೆ ಹಚ್ಚಾಕ ಹೇಳ್ರಿ. ನೋಡಾವ್ರು ಮೂರು ಮಂದಿ ಇರಲಿ, ಅದರಾಗ ಒಬ್ಬ ಹಳೇ ಗೋಲ್‌ಕೀಪರ್ ಇರಲಿ, ಯಾಕಂದ್ರ ಕೀಪರ್‌ನ್ನ ಅಳೆಯೂದು ಫಾರ್ವರ್ಡ್ ಆಡಿದವ್ರಿಗೆ ಗೊತ್ತಾಗೂದಿಲ್ಲ. ಕಮಿಟಿಯವ್ರ ಮನಿ ಹುಡುಗ ಟ್ರಯಲ್‌ದಾಗ ಇದ್ರ ಆ ಮನಿಯವ್ರು ಅವತ್ತು ಕುರ್ಚಿ ಬಿಟ್ಟು ಹೊರಗ ಕೂಡಬೇಕು. 18 ಮಂದಿ ಒಯ್ಯಾಕ ಬಿಡೋ ಟೂರ್ನಮೆಂಟ್ ಆಗಿದ್ರ ಇಬ್ರು ಕೀಪರ್, ಇದರ ಬಗ್ಗೆ ಚರ್ಚಾನೇ ಬ್ಯಾಡ.

ಇನ್ನ ರೊಕ್ಕ. ನಮ್ಮ ಮೊದಲನೇ ಕೀಪರ್‌ನ ಎಡಗಾಲಿನ ಪ್ಯಾಡಿನ ಪಟ್ಟಿ ಹರದು ಆರು ತಿಂಗಳಾಗಿತ್ತು, ಸೈಕಲ್ ಟ್ಯೂಬ್ ಸೀಳಿ ಎರಡು ಸುತ್ತು ಕಟ್ಟಿಕೊಂಡು ಆಡಾಕತ್ತಿದ್ದ. ಓಡುವಾಗ ಟ್ಯೂಬ್ ಜಾರಿ ಪ್ಯಾಡ್ ಹೊಳ್ಳತಿತ್ತು, ಪ್ರತಿ ಕ್ವಾರ್ಟರ್ ಮುಗದ ಮ್ಯಾಲ ಬಗ್ಗಿ ಬಿಗೀತಿದ್ದ. ಅವನ ಕಾಲು ಹೊಳ್ಳಿದ್ದು ಅದೇ ಕಾಲು. ಅದೇ ತಿಂಗಳದಾಗ ಅಧಿಕಾರಿಗಳಿಗೆ ಬ್ಲೇಜರ್ ಹೊಲಿಸಿದ್ರು, ಜೇಬಿನ ಮ್ಯಾಲ ಕ್ಲಬ್ ಚಿಹ್ನೆ, ಚೆಂದ ಅದಾವ. ನಾನು ಬ್ಲೇಜರ್ ಬ್ಯಾಡ ಅನ್ನೂದಿಲ್ಲ, ಆದ್ರ ಮೊದಲು ಕೀಪರ್ ಕಿಟ್, ಆಮ್ಯಾಲ ಬಾಲ್, ಆಮ್ಯಾಲ ಪ್ರಯಾಣ, ಬಾಕಿದ್ದು ಉಳದ್ರ. ಗಂಟಿಗೆ ನೂರು ಕಿಲೋಮೀಟರ್ ಮ್ಯಾಲ ಬರೋ ಬಾಲ್ ಮುಂದ ಹುಡುಗನ್ನ ನಿಲ್ಲಸಾಕತ್ತೀರಿ, ಹೆಲ್ಮೆಟ್, ಎದಿ ಗಾರ್ಡ್, ಪ್ಯಾಡ್, ಪಾದಕ್ಕ ಹಾಕೋ ಕಿಕ್ಕರ್ ಎಲ್ಲಾ ಸರಿ ಅದಾವೇನಂತ ಸೀಸನ್ ಶುರು ಆಗೂಕ್ಕಿಂತ ಮೊದಲ ನೀವೇ ಮೈದಾನಕ್ಕ ಹೋಗಿ ಕೈಲೆ ಹಿಡದು ನೋಡ್ರಿ, ಹರದದ್ದರ ಫೋಟೋ ತಗೀರಿ, ತಾರೀಖು ಹಾಕ್ರಿ.

ಪ್ರಯಾಣದ ಬಗ್ಗೆ ಸಣ್ಣದೊಂದು ಮಾತು. ನಮ್ಮ ಹುಡುಗೂರು ಮಣ್ಣಿನ ಮ್ಯಾಲ ಬೆಳದವ್ರು, ಮಳಿಗಾಲದಾಗ ಅದೂ ಇಲ್ಲ, ಜುಲೈದಾಗ ಬೆಳಗಾವಿ ಮಳಿ ಹೆಂಗ ಹೊಡಿತೈತಿ ಎಲ್ಲಾರಿಗೂ ಗೊತ್ತು. ಟರ್ಫ್ ಮ್ಯಾಲ ಬಾಲ್ ಜಿಗಿಯೂದಿಲ್ಲ, ಜಾರಿ ಬರತೈತಿ, ಜೋರಾಗಿ ಬರತೈತಿ, ಮಣ್ಣಿನ ಲೆಕ್ಕದಾಗ ಸ್ಟಿಕ್ ಇಟ್ರ ಬಾಲ್ ಆಗಲೇ ದಾಟಿ ಹೋಗಿರತೈತಿ. 1976ರಾಗ ಮಾಂಟ್ರಿಯಲ್ ಒಲಿಂಪಿಕ್ಸ್‌ನ್ಯಾಗ ಮೊದಲ ಸಲ ಟರ್ಫ್ ಬಂದಾಗ, ಅದರ ಹಿಂದಿನ ವರ್ಷ ವಿಶ್ವಕಪ್ ಗೆದ್ದ ಭಾರತ ಏಳನೇ ಸ್ಥಾನಕ್ಕ ಇಳೀತು. ಅಂಥಾವ್ರಿಗೇ ಹಂಗ ಆದ್ರ ನಮ್ಮ ಹುಡುಗೂರನ್ನ ರಾತ್ರಿ ಗಾಡಿಗೆ ಹತ್ತಿಸಿ, ಬೆಳಿಗ್ಗೆ ಇಳಿಸಿ, ಹತ್ತು ಗಂಟೆಕ್ಕ ಮ್ಯಾಚ್ ಆಡಸೂದು ಯಾವ ನ್ಯಾಯ? ಎರಡು ದಿನ ಮೊದಲ ಹೋಗ್ಲಿ, ಎರಡು ಸಲ ಟರ್ಫ್ ಮ್ಯಾಲ ಪ್ರ್ಯಾಕ್ಟೀಸ್ ಆಗ್ಲಿ. ಹೆಚ್ಚಿಗಿ ಹೊಂಟ ಮೂರು ಮಂದಿ ಕಮಿಟಿಯವ್ರು ಮನ್ಯಾಗ ಉಳದಿದ್ರ ಆ ರೊಕ್ಕದಾಗ ಹುಡುಗೂರ ಒಂದು ದಿನದ ಊಟ ಆಗತಿತ್ತು.

ಬಾಯಿ ಮಾತಿಲೆ ಕೇಳಿ ಆಗಲಿಲ್ಲ ಅಂದ್ರ ಪತ್ರ ಬರೀರಿ. ಒಂದ ಪುಟ, ಮೂರಕ್ಕಿಂತ ಹೆಚ್ಚು ಪ್ರಶ್ನೆ ಬ್ಯಾಡ, ಬೈಗುಳ ಬ್ಯಾಡ, ಯಾರ ಮನಿ ವಿಷಯ ಬ್ಯಾಡ. "ಇಂಥಾ ತಾರೀಖಿನ ಟೂರ್ನಮೆಂಟ್‌ಗೆ ಎರಡನೇ ಗೋಲ್‌ಕೀಪರ್‌ನ್ನ ಒಯ್ಯದ ಇರಾಕ ಕಾರಣ ಏನು, ಅವತ್ತು ಪ್ರಯಾಣ ಮಾಡಿದವ್ರ ಪಟ್ಟಿ ಕೊಡ್ರಿ" ಹಿಂಗ ನೆಟ್ಟಗ. ಎರಡು ಪ್ರತಿ ಒಯ್ರಿ, ಒಂದು ಕೊಟ್ಟು ಇನ್ನೊಂದರ ಮ್ಯಾಲ ಸಹಿ, ಸಿಕ್ಕಾ, ತಾರೀಖು ಹಾಕಿಸ್ಕೋರಿ. ತಗೊಳ್ಳಂಗಿಲ್ಲ ಅಂದ್ರ ಸ್ಪೀಡ್ ಪೋಸ್ಟ್ ಮಾಡ್ರಿ. ಸಹಿ ಅಪ್ಪ-ಅವ್ವಂದಿರದು, ಹಳೇ ಆಟಗಾರರದು ಇರಲಿ. ಆಡೋ ಹುಡುಗೂರ ಸಹಿ ಹಾಕಿಸಬ್ಯಾಡ್ರಿ, ದಯಮಾಡಿ ಬ್ಯಾಡ್ರಿ, ಮುಂದಿನ ಲಿಸ್ಟಿನ್ಯಾಗ ಅವ್ರ ಹೆಸರ ಮ್ಯಾಲ ಸಿಟ್ಟು ತೀರತೈತಿ. 2010ರಾಗ ಪುಣೆ ಕ್ಯಾಂಪಿನ್ಯಾಗ ಭಾರತದ ಆಟಗಾರರು ರೊಕ್ಕ ಕೊಡ್ರಿ ಅಂತ ಪ್ರ್ಯಾಕ್ಟೀಸ್ ಬಿಟ್ಟು ಕುಂತಿದ್ರು, ಅವ್ರು ದೊಡ್ಡವ್ರು, ದೇಶ ನೋಡಾಕತ್ತಿತ್ತು. ಹದಿನೈದು ಹದಿನಾರು ವರ್ಷದ ಹುಡುಗೂರ ಹೆಗಲ ಮ್ಯಾಲ ಆ ಭಾರ ಹಾಕಬಾರದು.

ಕ್ಲಬ್ ಅಥವಾ ಸಂಸ್ಥಾ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗ ನೋಂದಣಿ ಆಗಿದ್ರ ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭಾ ಕರೀಬೇಕು, ಲೆಕ್ಕ ಇಡಬೇಕು. ನೀವು ಸದಸ್ಯರು ಆಗಿರಿ, ಇದು ಬಹಳ ಮುಖ್ಯ, ನಮ್ಮಾಗ ಅರ್ಧಕ್ಕರ್ಧ ಮಂದಿ ಫೀ ಕಟ್ಟಿರಲಿಲ್ಲ, ಅದಕ್ಕ ಸಭಾದಾಗ ಮಾತಾಡಾಕ ಹಕ್ಕ ಇರಲಿಲ್ಲ. ಸದಸ್ಯರೊಳಗ ಮೂರನೇ ಒಂದು ಪಾಲು ಮಂದಿ ಸೇರಿ ಅರ್ಜಿ ಕೊಟ್ರ ನೋಂದಣಿ ಅಧಿಕಾರಿ ವಿಚಾರಣಾ ಮಾಡಬೇಕು ಅಂತ ಅದೇ ಕಾಯ್ದೆಯ 25ನೇ ಕಲಂದಾಗ ಐತಿ. ಇದು ಕಡೀಕ ತಗಿಯೂ ಅಸ್ತ್ರ, ಆದ್ರ ಇದು ನಿಮಗ ಗೊತ್ತೈತಿ ಅಂತ ಅವ್ರಿಗೆ ತಿಳದ್ರ ಮಾತಿನ ಧಾಟಿ ಬದಲಿ ಆಗತೈತಿ.

ಸರ್ಕಾರದ ಅನುದಾನ ಬಂದಿದ್ರ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ. ಕ್ಲಬ್‌ಗೆ ಹಾಕಬ್ಯಾಡ್ರಿ, ನಾವು ಅದಕ್ಕ ಬರೂದಿಲ್ಲ ಅಂತಾರ, ಜಿಲ್ಲಾ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ ಹಾಕ್ರಿ: ಇಂಥಾ ವರ್ಷ ಇಂಥಾ ಸಂಸ್ಥಾಕ್ಕ ಎಷ್ಟು ಕೊಟ್ಟೀರಿ, ಖರ್ಚಿನ ಪ್ರಮಾಣಪತ್ರ ಕೊಟ್ಟಾರೇನು, ಅದರ ಪ್ರತಿ. 10 ರೂಪಾಯಿ ಫೀ, ನಮ್ಮ ಕರ್ನಾಟಕದ ನಿಯಮದಾಗ ಅರ್ಜಿ ಒಂದೇ ವಿಷಯದ ಮ್ಯಾಲ 150 ಶಬ್ದದೊಳಗ ಇರಬೇಕು, 30 ದಿನದಾಗ ಉತ್ತರ ಕೊಡಬೇಕು.

ಸಭಾದಾಗ ಒಬ್ಬರ ಮಾತಾಡ್ರಿ, ಎಲ್ಲಾರೂ ಒಮ್ಮೆಲೆ ಎದ್ದು ನಿಂತ್ರ ಗದ್ದಲ ಆತು ಅಂತ ಹೇಳಿ ಸಭಾ ಮುಗಸ್ತಾರ. ವಹಿ ಮುಂದ ಇಟ್ಟು ಪುಟ ತಗದು ಓದ್ರಿ. ಠರಾವು ಪುಸ್ತಕದಾಗ ನಿಮ್ಮ ಪ್ರಶ್ನೆ ಬರೂ ಮಟ ಕೂತ್ಕೋರಿ, ಚಹಾ ಬಂತು ಅಂತ ಏಳಬ್ಯಾಡ್ರಿ. ನಮ್ಮ ಸಭಾದಾಗ ಒಬ್ಬ ಅಜ್ಜಾರು ಎದ್ದು ಇಷ್ಟ ಅಂದ್ರು: "ಇದು ಬಂಡು ಪಾಟೀಲರ ಊರಪಾ, 1964ರಾಗ ಟೋಕಿಯೋದಿಂದ ಚಿನ್ನ ತಂದ ಮನುಷ್ಯಾನ ಊರು, ಕೀಪರ್‌ಗೆ ಸೈಕಲ್ ಟ್ಯೂಬ್ ಕಟ್ಟಸ್ತೀರಿ?" ಆಮ್ಯಾಲ ಬಹಳ ಹೊತ್ತಿನ ಮಟ ಯಾರೂ ಮಾತಾಡಲಿಲ್ಲ.

ನಮಗ ಮೂರು ಪ್ರಶ್ನೆಕ್ಕ ಎರಡು ಉತ್ತರ ಬಂದಾವ. ಹೊಸ ಪ್ಯಾಡ್ ಬಂದಾವ, ಇಬ್ರು ಕೀಪರ್ ಒಯ್ತೀವಿ ಅಂತ ಠರಾವಿನ್ಯಾಗ ಬರದಾರ. ಲಿಸ್ಟಿನ್ಯಾಗ ನಾಕು ಹೆಸರು ಯಾರು ಬದಲಿ ಮಾಡಿದ್ರು ಅನ್ನೂದಕ್ಕ ಇನ್ನೂ ಉತ್ತರ ಇಲ್ಲ, ಎರಡನೇ ಪತ್ರ ಹೋದ ವಾರ ಕೊಟ್ಟೀನಿ, ಸಿಕ್ಕಾ ಹಾಕಿದ ಪ್ರತಿ ನನ್ನ ಹಂತೇಕ ಐತಿ. ವಡಗಾಂವಿ ಹುಡುಗ ಪ್ರ್ಯಾಕ್ಟೀಸ್‌ಗೆ ಬರೂದು ಬಿಟ್ಟಿದ್ದ, ಅವನ ಮನಿಗೆ ಎರಡು ಸಲ ಹೋಗಿ ಕರ್ಕೊಂಡು ಬಂದೀನಿ. ಈ ಸಲದ ಟ್ರಯಲ್ ಬರೂ ಐತವಾರ ಬೆಳಿಗ್ಗೆ ಏಳಕ್ಕ ಐತಿ, ನಮ್ಮ ಟೀಮಿನ ಅಪ್ಪ-ಅವ್ವಂದಿರು ಇದನ್ನ ಓದಾಕತ್ತಿದ್ರ ಪೆನ್ನು ತಗೊಂಡು ಬರ್ರಿ, ವಹಿ ನಾ ತರ್ತೀನಿ.